ಮೇನ್ ತೆಗೆದಿದೆಯಾ?

ನಮ್ಮ ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಒಂದೇ ಸೂರು, ಒಂದೇ ಒಲೆ, ಒಂದೇ ಬಚ್ಚಲು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಅದು ನನ್ನ ಮೂಲಕವೋ ಅತ್ತೆಯ ಮೂಲಕವೋ ಹೋಗಬೇಕು. ಚಪ್ಪಲಿ ಬಾಗಿಲಿಗೆ ಅಡ್ಡ ಬಿಡಬೇಡ ಎಂದು ಅವನಿಗೆ ಹೇಳು ಅಂತ ಮಾವ ಗೋಡೆ ನೋಡಿಕೊಂಡು ನನಗೆ ಹೇಳುವರು. ಗೋಡೆಯ ಆಚೆ ಕೂತ ನನ್ನ ಗಂಡನಿಗೆ ಅದು ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಎದ್ದು ಹೋಗಿ ಅದನ್ನೇ ಮತ್ತೆ ಹೇಳಿದ ಮೇಲೆಯೇ ಚಪ್ಪಲಿ ಪಕ್ಕಕ್ಕೆ ಸರಿಯುತ್ತಿತ್ತು. ಇಬ್ಬರೂ ಹಟದಲ್ಲಿ ಒಂದೇ ಅಚ್ಚಿನವರು. ಹುಟ್ಟಿಸಿದವರಿಗೂ ಹುಟ್ಟಿದವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅತ್ತೆಗೆ ಶ್ವಾಸಕೋಶದ ಕಾಯಿಲೆ. ಆಮ್ಲಜನಕ ಕೊಡುವ ಮಷೀನು ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತದೆ, ಅದರ ತೆಳ್ಳನೆಯ ನಳಿಗೆ ಅವರ ಮೂಗಿನಲ್ಲಿರುತ್ತದೆ. "ನನ್ನ ಉಸಿರೇ ನನಗೆ ಸಾಲ್ದು, ಇವರಿಬ್ಬರ ಮಾತೂ ನಾನೇ ಹೊರಬೇಕು," ಎಂದು ಅವರು ನಗಲು ಹೋಗಿ ಕೆಮ್ಮುತ್ತಿದ್ದರು. ಕರೆಂಟು ಹೋದರೆ ಮಷೀನಿನೊಳಗಿನ ಬ್ಯಾಟರಿ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಆಮೇಲೆ ದೇವರೇ ಗತಿ.

ಈ ಮನೆಯವರ ಕಸುಬುಗಳನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲಾ ಎಡವಟ್ಟೂ ಆದದ್ದು ಅಲ್ಲಿಯೇ. ಮಾವ ಆಯುಷ್ಯವೆಲ್ಲ ನೀರಿನ ಪೈಪು ಕೂಡಿಸಿದವರು. ಊರಿಗೆಲ್ಲ ಅವರು ನಲ್ಲಿ ಮೇಸ್ತ್ರಿ. ನನ್ನ ಗಂಡ ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್, ಕಂಬ ಹತ್ತುವ ಕೆಲಸ. ನಾನು ಮನೆಗಳಿಗೆ ವೈರಿಂಗ್ ಮಾಡುವವಳು. ಬೀದಿಯವರು ನನ್ನನ್ನು ವೈರಮ್ಮ ಎನ್ನುತ್ತಾರೆ, ವೈರಮ್ಮನ ಹತ್ತಿರ ವೈರ ಕಟ್ಟಿಕೊಳ್ಳಬೇಡಿ ಎಂದು ಬೆನ್ನ ಹಿಂದೆ ನಗುತ್ತಾರೆ. ನಗಲಿ ಬಿಡಿ. ಫ್ಯೂಸ್ ಹೋದಾಗ ಬಾಗಿಲು ಬಡಿಯುವುದು ನಮ್ಮ ಮನೆಯದನ್ನೇ.

ಹೋದ ವರ್ಷದ ಗಾಳಿಗಾಲದವರೆಗೆ ನಮ್ಮಲ್ಲಿ ಎರಡು ತಲೆಯ ವೈರೊಂದಿತ್ತು. ಎರಡೂ ತುದಿಗೆ ಪಿನ್ನು. ಒಂದು ತಲೆಯನ್ನು ಜನರೇಟರಿಗೆ, ಇನ್ನೊಂದನ್ನು ಅಡುಗೆಮನೆಯ ಪ್ಲಗ್ಗಿಗೆ ಚುಚ್ಚಿದರೆ ಮನೆಗೆಲ್ಲ ಕರೆಂಟು. ಅದನ್ನು ಮಾವ ಯಾವುದೋ ಅಂಗಡಿಯಲ್ಲಿ ಮಾಡಿಸಿ ತಂದಿದ್ದರು. ಇದು ವೈರಲ್ಲ, ಹಾವು, ಎಸೆಯಿರಿ ಎಂದು ನಾನು ಬಾಯಿ ಬಡಿದುಕೊಂಡೆ. ಮೊದಲು ಮೇನ್ ತೆಗೆದು ಆಮೇಲೆ ಚುಚ್ಚಿದರೆ ಏನೂ ಆಗುವುದಿಲ್ಲ ಎಂದು ನನ್ನ ಗಂಡನೇ ತೀರ್ಪು ಕೊಟ್ಟರು. ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದಿದ್ದರೆ ಜನರೇಟರಿನ ಕರೆಂಟು ಮನೆಯೊಳಗೇ ಉಳಿಯುತ್ತದೆ. ಎಳೆಯದಿದ್ದರೆ ಅದು ಮೀಟರು ದಾಟಿ, ಬಂದ ದಾರಿಗೇ ತಿರುಗಿ ಕಂಬದವರೆಗೆ ಹೋಗುತ್ತದೆ. ಬೀದಿಗೆಲ್ಲ ಕರೆಂಟಿಲ್ಲ, ಲೈನ್ ಸತ್ತಿದೆ ಎಂದುಕೊಂಡು ಕಂಬದ ಮೇಲಿನವನು ಕೈ ಹಾಕುತ್ತಾನೆ. ಲೈನ್ ಸತ್ತಿರುವುದಿಲ್ಲ. ಆದ್ದರಿಂದ ಜನರೇಟರ್ ಓಡಿಸುವ ದಿನ ಮೇನ್ ನೋಡಿಕೊಳ್ಳುವುದು ನಾನು ಅಥವಾ ನನ್ನ ಗಂಡ, ಮಾವನ ಕೈಗೆ ಬಿಟ್ಟದ್ದೇ ಇಲ್ಲ.

ಒಂದೇ ಒಂದು ದಿನ ಬಿಡಬೇಕಾಯಿತು. ಮರದ ಕೊಂಬೆ ಬಿದ್ದು ಕಂಬದಿಂದ ನಮ್ಮ ಮನೆಗೆ ಬರುವ ವೈರು ಕಿತ್ತುಹೋಯಿತು. ನಾನು ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಮನೆಯ ಗೋಡೆ ಕೊರೆಯುತ್ತಿದ್ದೆ. ಅತ್ತೆಯ ಮಷೀನು ಕೂಗಿಕೊಳ್ಳತೊಡಗಿದಾಗ ಮಾವ ಜನರೇಟರ್ ಶುರು ಮಾಡಿದರು. ಅಷ್ಟರಲ್ಲಿ ನನ್ನ ಗಂಡ ಕಂಬದ ಬುಡಕ್ಕೆ ಬಂದು, ಹತ್ತುವ ಮೊದಲು ಮನೆಗೆ ಫೋನ್ ಮಾಡಿ, ಮೇನ್ ತೆಗೆದಿದೆಯಾ ಎಂದು ಕೇಳಿದರು. ತೆಗೆದಿದೆ ಎಂದು ಮಾವ ಹೇಳಿದರು. ನನ್ನ ಗಂಡ ಹತ್ತಿ, ತುಂಡಾದ ವೈರಿಗೆ ಕೈ ಹಾಕಿದರು. ಸೊಂಟದ ಬೆಲ್ಟು ಹಿಡಿದುಕೊಂಡಿತು, ಆದ್ದರಿಂದ ನಾನು ಇವತ್ತು ಈ ಕತೆ ಹೇಳುತ್ತಿದ್ದೇನೆ. ಬಲಗೈಯ ಎರಡು ಬೆರಳು ಈಗಲೂ ನೆಟ್ಟಗಾಗುವುದಿಲ್ಲ.

ನೆರೆಯವರು ಓಡಿ ಬಂದು ನೋಡಿದಾಗ ಮೇನ್ ಸ್ವಿಚ್ಚಿನ ಹಿಡಿ ಮೇಲೆಯೇ ಇತ್ತು. ಕೆಳಗೆ ಎಳೆದೇ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ನನ್ನ ಗಂಡ ಅಪ್ಪನನ್ನು ಸುಳ್ಳುಗಾರ ಎಂದರು. ತಾನು ಸುಳ್ಳು ಹೇಳಿಲ್ಲ, ಮೇನ್ ತೆಗೆದಿತ್ತು ಎಂದು ಮಾವ ಎದೆ ತಟ್ಟಿಕೊಂಡರು. ಕಣ್ಣಿಗೆ ಕಂಡದ್ದನ್ನೂ ಇಲ್ಲ ಎನ್ನುತ್ತಾನಲ್ಲ ಎಂದು ಮಗನಿಗೆ ಇನ್ನೂ ಉರಿಯಿತು. ಆ ದಿನವೇ ಮಾತು ನಿಂತಿತು. ಗಾಯದ ಪಟ್ಟಿ ಬಿಚ್ಚಿದ ದಿನ ನನ್ನ ಗಂಡ ಎಡಗೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ಆ ಎರಡು ತಲೆಯ ವೈರನ್ನು ಚೂರುಚೂರು ಮಾಡಿದರು, ಜನರೇಟರನ್ನು ಹಿತ್ತಲಿನ ತಗಡಿನ ಮಾಡಿನಡಿ ತಳ್ಳಿ ಗೋಣಿಚೀಲ ಮುಚ್ಚಿದರು. ಮಾವನೋ, ತಮ್ಮ ತಪ್ಪಿಲ್ಲವೆಂದ ಮೇಲೆ ಇನ್ನೇನು ತಪ್ಪು ಎಂದು ಯೋಚಿಸಿ, ಕೊನೆಗೆ ನನ್ನ ವೈರಿಂಗೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸ್ವಿಚ್ ಹಾಕುವಾಗಲೆಲ್ಲ ಅದನ್ನು ಕಚ್ಚುವ ನಾಯಿಯಂತೆ ನೋಡುತ್ತಿದ್ದರು. ಅದು ನನಗೆ ಗೊತ್ತಾಗುವುದಿಲ್ಲವೇ? ನನ್ನ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಕರೆಂಟು ಹೋದಾಗಲೆಲ್ಲ ಅತ್ತೆಯನ್ನು ಆಸ್ಪತ್ರೆಗೆ ಸಾಗಿಸುವುದೇ ಆಯಿತು. ಹೋದ ಸಲ ಹಾಸಿಗೆ ಸಿಗದೆ ಕಾರಿಡಾರಿನ ಬೆಂಚಿನ ಮೇಲೆ, ಬಂದುಹೋಗುವವರ ಕಾಲಿನ ನಡುವೆ, ಗೋಡೆಯ ಪ್ಲಗ್ಗಿಗೆ ಅಂಟಿಕೊಂಡು ಬೆಳಗು ಮಾಡಿದರು. ಮನೆಗೆ ಬಂದವರೇ ನನ್ನ ಕೈ ಹಿಡಿದು, ಇನ್ನೊಂದು ಸಲ ಅಲ್ಲಿಗೆ ಒಯ್ಯಬೇಡ, ಏನಾದರೂ ನನ್ನ ಮಂಚದ ಮೇಲೆಯೇ ಆಗಲಿ ಎಂದರು. ಹಾಗೆ ಹೇಳುವಾಗ ಅವರು ಅಳಲಿಲ್ಲ. ಅತ್ತವಳು ನಾನು.

ಅಲ್ಲಿಗೆ ನಾನು ನಿಶ್ಚಯ ಮಾಡಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥದೊಂದು ಪೆಟ್ಟಿಗೆ ನನ್ನ ಕಸುಬಿನಲ್ಲಿದೆ. ಚೇಂಜ್‌ಓವರ್ ಎನ್ನುತ್ತೇವೆ. ಕಬ್ಬಿಣದ ಪೆಟ್ಟಿಗೆ, ಮುಂದೆ ಒಂದು ಹಿಡಿ. ಹಿಡಿ ಮೇಲಿದ್ದರೆ ಮನೆಗೆ ಬೀದಿಯ ಕರೆಂಟು, ಕೆಳಗಿದ್ದರೆ ಜನರೇಟರಿನದು, ನಡುವೆ ನಿಂತರೆ ಯಾವುದೂ ಇಲ್ಲ. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಎರಡು ದೋಣಿಯ ಮೇಲೆ ಕಾಲಿಡಲು ಅದು ಯಾರನ್ನೂ ಬಿಡುವುದಿಲ್ಲ. ಕುಡುಕ ಎಳೆದರೂ, ಕುರುಡ ಎಳೆದರೂ ಕಂಬದ ಮೇಲಿನವನ ಜೀವಕ್ಕೆ ಅಪಾಯವಿಲ್ಲ. ಕಚೇರಿಯಲ್ಲಿ ಕೇಳಿದೆ, ಅವರು ಒಪ್ಪಿದರು. ಕಚೇರಿಯವರು ಒಪ್ಪಿದರು, ಗಂಡ ಒಪ್ಪಲಿಲ್ಲ.

"ಪೆಟ್ಟಿಗೆ ಸರಿ ಕಣೇ. ನೀನು ಕೆಲಸಕ್ಕೆ ಹೋಗ್ತೀಯ, ನಾನು ಕಂಬದ ಮೇಲಿರ್ತೀನಿ. ಮನೇಲಿ ಆ ಹಿಡಿ ಎಳೆಯೋರು ಯಾರು? ಮತ್ತೆ ಅವನೇ ತಾನೇ?" ಎಂದರು ನನ್ನ ಗಂಡ.

ನಾನು ವಾದ ಮಾಡಲಿಲ್ಲ. ಗೋಡೆಗೆ ಹೇಳುವುದಕ್ಕಿಂತ ಗೋಡೆ ಕೊರೆಯುವುದು ನನಗೆ ಸುಲಭ. ನಡುಮನೆಯಲ್ಲಿ ಒಳಗಿನ ಬೋರ್ಡಿನ ಪಕ್ಕಕ್ಕೆ ಪೆಟ್ಟಿಗೆ ಕೂರಿಸಿದೆ. ಅಲ್ಲಿಂದ ಹಿತ್ತಲಿನ ಗೋಡೆಯವರೆಗೆ ಪೈಪು ಎಳೆದು, ದಪ್ಪ ವೈರು ತೂರಿಸಿ, ಅರ್ಥಿಂಗ್ ಬಿಗಿದು, ಜನರೇಟರಿನ ವೈರು ಬಂದು ಕೂರುವ ಪ್ಲಗ್ಗನ್ನು ಹೊರಗೋಡೆಗೆ ಹಾಕಿದೆ. ಅದರ ಪಿನ್ನು ಗೋಡೆಯ ಡಬ್ಬಿಯೊಳಗೇ ಹುದುಗಿರುತ್ತದೆ, ಬತ್ತಲೆ ಪಿನ್ನು ಯಾರ ಕೈಗೂ ಸಿಗದು. ಕೊನೆಯ ಕೆಲಸವೊಂದು ಉಳಿಯಿತು: ಮೇನ್‌ನಿಂದ ಒಳಗಿನ ಬೋರ್ಡಿಗೆ ಹೋಗುವ ವೈರು ಕತ್ತರಿಸಿ, ಪೆಟ್ಟಿಗೆಯ ಮೂಲಕ ಹಾಯಿಸುವುದು. ಅದಕ್ಕೆ ಮನೆಯ ಕರೆಂಟು ನಿಲ್ಲಿಸಬೇಕು. ಇವತ್ತು ಬೇಡ, ನಾಳೆ ನೋಡೋಣ ಎಂದು ನನ್ನ ಗಂಡ ದಿನ ತಳ್ಳುತ್ತಲೇ ಬಂದರು.

ಹೀಗಿರುವಾಗ ಸಂಜೆಯೊಳಗೆ ದೊಡ್ಡ ಗಾಳಿ ಬರುತ್ತದೆ ಎಂದು ಬೆಳಗಿನ ವಾರ್ತೆಯಲ್ಲಿ ಹೇಳಿದರು. ಲೈನ್‌ಮನ್‌ಗಳಿಗೆಲ್ಲ ರಜೆ ರದ್ದು. ನನ್ನ ಗಂಡ ಬೂಟು ಕಟ್ಟಿಕೊಳ್ಳುತ್ತ, ಅಮ್ಮನನ್ನು ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಸೇರಿಸು, ಆ ಪೆಟ್ಟಿಗೆಯ ತಂಟೆಗೆ ಹೋಗಬೇಡ ಎಂದರು. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಅವರು ಗೇಟು ದಾಟಿದ ಮೇಲೆ ಏಣಿ ತಂದೆ.

ಆದರೆ ಪೆಟ್ಟಿಗೆ ಜೋಡಿಸಿದರೆ ಮುಗಿಯಲಿಲ್ಲವಲ್ಲ. ಗಂಡ ಹೇಳಿದ್ದು ಅಷ್ಟರಮಟ್ಟಿಗೆ ನಿಜ: ಹಗಲಿಡೀ ಮನೆಯಲ್ಲಿರುವವರು ಮಾವ ಒಬ್ಬರೇ. ಅವರೋ ಆ ದಿನದ ಮೇಲೆ ಜನರೇಟರ್ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಕೂತಿದ್ದರು. ಸುಳ್ಳುಗಾರನ ಕೈಯಿಂದ ಏನು ಕೆಲಸ ಎನ್ನುವುದು ಅವರ ಸಿದ್ಧ ಉತ್ತರ. ನಾನು ಅವರ ಕುರ್ಚಿಯ ಮುಂದೆ ನಿಂತೆ. ಅತ್ತೆ ಮಂಚದ ಮೇಲಿಂದ ನೋಡುತ್ತಿದ್ದರು.

"ಮಾವ, ಮುನಿಸು ನಿಮ್ಮದು, ಮಗನದು. ನಿಲ್ಲೋ ಉಸಿರು ಮಾತ್ರ ನಿಮ್ಮಿಬ್ಬರದೂ ಅಲ್ಲ. ಎದ್ದು ಬನ್ನಿ," ಎಂದೆ.

ಸೊಸೆಯ ಬಾಯಲ್ಲಿ ಇಂಥ ಮಾತು ಕೇಳಿ ಅವರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಏನೂ ಹೇಳದೆ ಕೈಯಾಡಿಸಿ, ಹೋಗಿ, ಹೋಗಿ ಎಂದು ಸನ್ನೆ ಮಾಡಿದರು. ಮಾವ ಮೊಣಕಾಲು ಹಿಡಿದುಕೊಂಡು ಎದ್ದರು. ಈ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಮಾತಾಡಲಾರದವರದೇ.

ಅತ್ತೆಯ ಮಷೀನನ್ನು ಬ್ಯಾಟರಿಗೆ ಹಾಕಿದೆ. ಬೋರ್ಡಿನ ಮುಚ್ಚಳ ಬಿಚ್ಚಿ, ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ವೈರಿನ ಕಟ್ಟು, ಇನ್ನೊಂದರಲ್ಲಿ ಟಾರ್ಚು ಹಿಡಿದು, ಮೀಟರಿನ ಹತ್ತಿರ ಹೋಗಿ ಮೇನ್ ತೆಗೆಯಿರಿ ಎಂದು ಮಾವನಿಗೆ ಹೇಳಿದೆ. ಮೀಟರು ಇರುವುದು ಮುಂಬಾಗಿಲಿನ ಹೊರಗೋಡೆಯಲ್ಲಿ. ಅವರ ಚಪ್ಪಲಿಯ ಸದ್ದು ಅಲ್ಲಿಯವರೆಗೆ ಹೋಗಿ ನಿಂತಿತು. ಮೀಟರು ಗೂಡಿನ ತಗಡಿನ ಬಾಗಿಲು ಕಿರ್ರೆಂದಿತು.

"ತೆಗೆದೇ ಇದೆಯಮ್ಮ," ಎಂದು ಅಲ್ಲಿಂದಲೇ ಕೂಗಿದರು.

ನಾನು ಟೆಸ್ಟರ್ ಇಟ್ಟು ನೋಡಿದೆ. ಅದರ ತುದಿಯ ದೀಪ ಧಗ್ ಎಂದು ಹೊತ್ತಿಕೊಂಡಿತು. ವೈರಿನಲ್ಲಿ ಪೂರ್ತಿ ಕರೆಂಟು. ಟೆಸ್ಟರ್ ಬದಲು ನನ್ನ ಬೆರಳು ಅಲ್ಲಿದ್ದಿದ್ದರೆ ಏಣಿಯೂ ನಾನೂ ಒಟ್ಟಿಗೆ ನೆಲ ಸೇರುತ್ತಿದ್ದೆವು. ಸಿಟ್ಟು ನೆತ್ತಿಗೇರಿತು. ಗಂಡ ಹೇಳಿದ್ದು ಸರಿ, ಈ ಮುದುಕ ಮುಖದ ಮೇಲೇ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಏಣಿಯಿಂದ ಇಳಿದು ದಡದಡ ಹೊರಗೆ ಹೋದೆ.

ಮಾವ ಮೀಟರಿನ ಮುಂದೆ ಒಳ್ಳೆಯ ಕೆಲಸ ಮಾಡಿದವರ ಹಾಗೆ ನಿಂತಿದ್ದರು. ಮೇನ್ ಸ್ವಿಚ್ಚಿನ ಹಿಡಿ ಮೇಲಿತ್ತು. ಇದನ್ನು ತೆಗೆದಿದೆ ಎನ್ನುತ್ತೀರಾ, ಕಣ್ಣು ನೆಟ್ಟಗಿದೆಯಾ ಎಂದು ನಾನು ಕೇಳಿಯೇಬಿಟ್ಟೆ. ಅವರಿಗೆ ನನಗಿಂತ ಜಾಸ್ತಿ ಸಿಟ್ಟು ಬಂತು.

"ನಿನ್ನ ಕಣ್ಣೇ ಸರಿ ಇಲ್ಲ. ಪೂರ್ತಿ ತೆಗೆದಿದೆ, ನೋಡು. ತೆಗೆದಿರೋದಕ್ಕೇ ತಾನೇ ಮನೆಯೊಳಗೆ ಕರೆಂಟು ಬರ್ತಿರೋದು? ಮುಚ್ಚಿದ್ರೆ ಎಲ್ಲಿಂದ ಬರುತ್ತೆ?"

ಆಗ ನನಗೆ ಹೊಳೆಯಿತು.

ಪೈಪಿನ ಕೆಲಸದಲ್ಲೂ ಮೇನ್ ಎಂಬುದಿದೆ. ಬೀದಿಯ ನೀರು ಮನೆಗೆ ತಿರುಗುವಲ್ಲಿ ಇರುವ ದೊಡ್ಡ ವಾಲ್ವು. ಮೇನ್ ತೆಗೆದರೆ ನೀರು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ನಲ್ಲಿ ತೆಗೆ ಎಂದರೆ ನೀರು ಬಿಡು ಎಂದೇ ಅರ್ಥ. ಬಾಗಿಲು ತೆಗೆದರೆ ಗಾಳಿ ಒಳಗೆ ಬರುತ್ತದೆ. ಲೋಕದಲ್ಲಿ ಏನು ತೆಗೆದರೂ ಏನೋ ಒಂದು ಒಳಗೆ ಹರಿಯುತ್ತದೆ. ನಾವು ಕರೆಂಟಿನವರು ಮಾತ್ರ ಫ್ಯೂಸ್ ತೆಗೆ, ಲೈನ್ ತೆಗೆ, ಮೇನ್ ತೆಗೆ ಎಂದು ಹೇಳಿ ಎಲ್ಲವನ್ನೂ ನಿಲ್ಲಿಸುವವರು. ಹಾಕು ಎಂದರೆ ನಮಗೆ ಕರೆಂಟು ಬಿಡುವುದು. ಅವರಿಗೆ ಬಾಗಿಲು ಹಾಕಿದ ಹಾಗೆ ಮುಚ್ಚುವುದು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಮಾತನ್ನು, ತದ್ವಿರುದ್ಧ ಅರ್ಥದಲ್ಲಿ ಆಡಿಕೊಂಡು ಬದುಕಿದ್ದೆವು. ಆ ದಿನ ಮೇನ್ ತೆಗೆದಿದೆಯಾ ಎಂದು ಮಗ ಕೇಳಿದಾಗ ಅಪ್ಪ ಮೀಟರಿನವರೆಗೆ ಹೋಗಿ, ಹಿಡಿ ಮೇಲಿರುವುದನ್ನು ಕಣ್ಣಾರೆ ನೋಡಿ, ಸತ್ಯವನ್ನೇ ಹೇಳಿದ್ದರು.

ನಾನು ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಹೇಳುವಾಗ ಖುಷಿಯಾಗಿತ್ತು, ಸುಳ್ಳುಗಾರ ಎಂಬ ಕಳಂಕ ಹೋಯಿತಲ್ಲ ಎಂದು. ಅವರ ಮುಖ ನೋಡಿದ ಮೇಲೆ ಆ ಖುಷಿ ಇಳಿದುಹೋಯಿತು. ಅಷ್ಟು ದಿನ ಅವರಿಗೆ ಒಂದು ಆಸರೆ ಇತ್ತು: ತಪ್ಪು ತನ್ನದಲ್ಲ, ವೈರಿಂಗಿನದು. ಈಗ ಅದೂ ಇಲ್ಲ. ಅವರು ಮೆಟ್ಟಿಲ ಮೇಲೆ ಕುಸಿದು ಕೂತರು.

"ಹಾಗಾದ್ರೆ ಅವನ ಕೈಗೆ ಕರೆಂಟು ಬಿಟ್ಟವನು ನಾನೇ," ಎಂದರು.

ಪಕ್ಕದಲ್ಲಿ ಕೂತು ಬೆನ್ನು ಸವರಬೇಕು ಅನಿಸಿತು. ಆದರೆ ಒಳಗೆ ಬ್ಯಾಟರಿ ಇಳಿಯುತ್ತಿತ್ತು, ಬೀದಿಯ ಮರಗಳು ಆಗಲೇ ತಲೆ ತೂಗತೊಡಗಿದ್ದವು. ಅಳುವುದಿದ್ದರೆ ಆಮೇಲೆ ಇಬ್ಬರೂ ಕೂತು ಅಳೋಣ, ಈಗ ಟಾರ್ಚು ಹಿಡಿಯಿರಿ ಎಂದೆ. ನನ್ನ ದನಿ ಒರಟಾಗಿಯೇ ಇತ್ತು. ಬೇಕೆಂದೇ ಒರಟು ಮಾಡಿಕೊಂಡಿದ್ದೆ, ಇಲ್ಲದಿದ್ದರೆ ಅದು ಒಡೆಯುತ್ತಿತ್ತು.

ಮೇನ್ ಸ್ವಿಚ್ಚಿನ ಹಿಡಿಯನ್ನು ನಾನೇ ಕೆಳಗೆ ಎಳೆದೆ. ಒಳಗೆ ಬಂದು ಟೆಸ್ಟರ್ ಇಟ್ಟರೆ ದೀಪವಿಲ್ಲ. ಬೋರ್ಡಿಗೆ ಹೋಗುವ ಎರಡು ವೈರು ಕತ್ತರಿಸಿದೆ. ಮೇನ್‌ನಿಂದ ಬಂದ ಜೋಡಿಯನ್ನು ಪೆಟ್ಟಿಗೆಯ ಮೇಲಿನ ತಿರುಪಿಗೆ, ಜನರೇಟರಿನ ಜೋಡಿಯನ್ನು ಕೆಳಗಿನ ತಿರುಪಿಗೆ, ಮನೆಯೊಳಗೆ ಹೋಗುವ ಜೋಡಿಯನ್ನು ನಡುವಿನ ತಿರುಪಿಗೆ ಕೊಟ್ಟೆ. ಪ್ರತಿ ತಿರುಪನ್ನೂ ಬಿಗಿದು, ವೈರು ಹಿಡಿದು ಜಗ್ಗಿ ನೋಡಿ, ಮತ್ತೆ ಬಿಗಿದೆ. ಮಾವ ಟಾರ್ಚು ಹಿಡಿದಿದ್ದರು. ಮೊದಮೊದಲು ಬೆಳಕು ಅತ್ತಿತ್ತ ಅಲುಗುತ್ತಿತ್ತು. ಬರುಬರುತ್ತ, ನಾನು ಕೈ ಇಡುವ ಮೊದಲೇ ಬೆಳಕು ಅಲ್ಲಿಗೆ ಬಂದು ನಿಲ್ಲತೊಡಗಿತು. ಎಷ್ಟಾದರೂ ಆಯುಷ್ಯವೆಲ್ಲ ತಿರುಪು ಬಿಗಿದ ಕೈ.

ಮುಚ್ಚಳ ಹಾಕಿ, ಮೇನ್ ಸ್ವಿಚ್ಚಿನ ಹಿಡಿಯನ್ನು ಮತ್ತೆ ಮೇಲಕ್ಕೆ ತಳ್ಳಿ ಬಂದ ಮೇಲೆ ನಾನು ಹೊಸ ಕಾನೂನು ಮಾಡಿದೆ. ಇನ್ನು ಈ ಮನೆಯಲ್ಲಿ ಕರೆಂಟನ್ನು ಯಾರೂ ತೆಗೆಯುವುದೂ ಇಲ್ಲ, ಹಾಕುವುದೂ ಇಲ್ಲ. ಹಿಡಿ ಮೇಲೆ, ನಡುವೆ, ಕೆಳಗೆ, ಅಷ್ಟೇ ಮಾತು. ಮಾವ ಪೈಪಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ಹುಡುಕಿ ತಂದು, ಪೆಟ್ಟಿಗೆಯ ಮೇಲ್ತುದಿಗೆ 'ಬೀದಿ', ನಡುವೆ 'ಇಲ್ಲ', ಕೆಳಗೆ 'ಹಿತ್ತಲು' ಎಂದು ದಪ್ಪಕ್ಷರದಲ್ಲಿ ಬರೆದರು. ಅಕ್ಷರ ಸೊಟ್ಟಗಿದ್ದವು. ಯಾವ ಅಂಗಡಿಯ ಪೆಟ್ಟಿಗೆಯ ಮೇಲೂ ಅಷ್ಟು ಸ್ಪಷ್ಟವಾಗಿ ಬರೆದದ್ದನ್ನು ನಾನು ನೋಡಿಲ್ಲ. ಆಮೇಲೆ ನಾನು ಬಾಯಿಪಾಠ ಮಾಡಿಸಿದೆ: ಮೊದಲು ಜನರೇಟರ್ ಶುರು ಮಾಡಬೇಕು, ಅದರ ಸದ್ದು ಒಂದೇ ಸಮನಾದ ಮೇಲೆ ಹಿಡಿಯನ್ನು ಬೀದಿಯಿಂದ ಇಲ್ಲಕ್ಕೆ, ಇಲ್ಲದಿಂದ ಹಿತ್ತಲಿಗೆ ತರಬೇಕು. ಇಸ್ತ್ರಿ, ನೀರಿನ ಪಂಪು ಮುಟ್ಟುವಂತಿಲ್ಲ, ಅಷ್ಟು ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಮಾವ ಶಾಲೆಯ ಮಗ್ಗಿಯಂತೆ ಒಪ್ಪಿಸಿದರು. ತಪ್ಪಿದಾಗ ಅತ್ತೆ ಮಂಚದಿಂದಲೇ ತಿದ್ದಿದರು.

ಗಾಳಿ ಸಂಜೆಯವರೆಗೆ ಕಾಯಲಿಲ್ಲ. ಇನ್ನೂ ಬಿಸಿಲಿರುವಾಗಲೇ ಧೂಳೆದ್ದಿತು, ಕಿಟಕಿಗಳು ಬಡಿದುಕೊಂಡವು, ಎಲ್ಲೋ ದೊಡ್ಡದೊಂದು ಮುರಿದ ಸದ್ದಾಯಿತು, ಕರೆಂಟು ಹೋಯಿತು. ನಾನು ಜಾಗ ಬಿಟ್ಟು ಏಳಲಿಲ್ಲ. ಏಳದೆ ಇರಲು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಮಾವ ಹಿತ್ತಲಿಗೆ ಹೋದರು. ಜನರೇಟರ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಓಡತೊಡಗಿತು. ಅವರು ಒಳಗೆ ಬಂದು, ಕೈ ಒರೆಸಿಕೊಂಡು, ಪೆಟ್ಟಿಗೆಯ ಮುಂದೆ ನಿಂತು, ಬೀದಿ, ಇಲ್ಲ, ಹಿತ್ತಲು ಎಂದು ಗಟ್ಟಿಯಾಗಿ ಓದುತ್ತ ಹಿಡಿ ಎಳೆದರು. ಅತ್ತೆಯ ಮಷೀನು ಬ್ಯಾಟರಿಯ ಕೆಂಪು ದೀಪ ಆರಿಸಿ ಹಸಿರು ಹೊತ್ತಿಸಿತು. ಅತ್ತೆ ಒಂದು ದೀರ್ಘ ಉಸಿರು ಎಳೆದುಕೊಂಡರು, ತಮ್ಮ ಮಂಚದ ಮೇಲೆ, ತಮ್ಮ ದಿಂಬಿಗೆ ಒರಗಿಕೊಂಡು.

ಗಾಳಿ ಇಳಿದ ಮೇಲೆ, ಕತ್ತಲಾಗಲು ಇನ್ನೂ ಹೊತ್ತಿರುವಾಗ, ಕಚೇರಿಯ ಗಾಡಿ ನಮ್ಮ ಬೀದಿಗೆ ಬಂತು. ನಮ್ಮ ಮನೆಯ ಎದುರಿನ ಕಂಬದಲ್ಲಿಯೇ ವೈರು ಜೋತಾಡುತ್ತಿತ್ತು. ನನ್ನ ಗಂಡ ಏಣಿ ಇಳಿಸುತ್ತಿದ್ದವರು ಹಿತ್ತಲಿನಿಂದ ಬರುತ್ತಿದ್ದ ಜನರೇಟರಿನ ಸದ್ದು ಕೇಳಿ ಏಣಿಯನ್ನು ಅಲ್ಲೇ ಬಿಟ್ಟರು. ಗೇಟನ್ನು ಒದ್ದ ಹಾಗೆ ತಳ್ಳಿಕೊಂಡು, ಯಾರ ಮುಖವನ್ನೂ ನೋಡದೆ, ಅದನ್ನು ನಿಲ್ಲಿಸಲು ಹಿತ್ತಲಿನ ಕಡೆ ನಡೆದರು. ಹಿತ್ತಲಿನ ಬಾಗಿಲಿಗೆ ಮಾವ ಅಡ್ಡ ನಿಂತಿದ್ದರು.

"ಅದನ್ನ ಆರಿಸಬೇಡ. ಅದರಿಂದಲೇ ನಿಮ್ಮಮ್ಮ ಉಸಿರಾಡ್ತಿದ್ದಾಳೆ," ಎಂದರು. ವರ್ಷದ ಮೇಲೆ ಮಗನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಮಗ ನನ್ನ ಕಡೆ ತಿರುಗಿ, ಅವನಿಗೆ ಹೇಳು, ದಾರಿ ಬಿಡೋಕೆ ಹೇಳು ಎಂದರು. ನನಗೆ ಸಾಕಾಗಿತ್ತು. ಇನ್ನು ಮೇಲೆ ನಾನು ಯಾರಿಗೂ ಏನೂ ಹೇಳುವುದಿಲ್ಲ, ನಿಮ್ಮ ಟೆಸ್ಟರ್ ಹೊರಗೆ ತೆಗೆಯಿರಿ ಎಂದು ಅವರ ತೋಳು ಹಿಡಿದು ನಡುಮನೆಗೆ ಎಳೆದುಕೊಂಡು ಹೋದೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಮೇಲಿನ ತಿರುಪಿಗೆ, ಅಂದರೆ ಬೀದಿಯ ಕಡೆಯ ಜೋಡಿಗೆ, ಟೆಸ್ಟರ್ ಇಡಿಸಿದೆ. ಹಿತ್ತಲಿನಲ್ಲಿ ಜನರೇಟರ್ ಓಡುತ್ತಿದೆ, ಮನೆಯಲ್ಲಿ ದೀಪ ಉರಿಯುತ್ತಿದೆ, ಟೆಸ್ಟರಿನಲ್ಲಿ ಮಾತ್ರ ಬೆಳಕಿಲ್ಲ. ಅವರು ಎರಡು ಸಲ, ಮೂರು ಸಲ ಇಟ್ಟು ನೋಡಿದರು. ಕಸುಬುದಾರನ ಮುಖದಲ್ಲಿ ಬಿಗಿ ಸಡಿಲವಾಯಿತು, ಮಗನ ಮುಖದಲ್ಲಿ ಆಗಲಿಲ್ಲ.

"ಪೆಟ್ಟಿಗೆ ಸರಿ ಇದೆ," ಎಂದರು. "ಆ ದಿನ ಸುಳ್ಳು ಹೇಳಿದ್ದು ಹೇಗೆ ಸರಿಯಾಗುತ್ತೆ?"

ನಾನು ಮಾವನ ಕಡೆ ತಿರುಗಿ, ನಿಮ್ಮ ಪೈಪಿನ ಕೆಲಸದಲ್ಲಿ ಮೇನ್ ತೆಗೆದರೆ ಏನಾಗುತ್ತದೆ ಎಂದು ಕೇಳಿದೆ.

"ನೀರು ಬರುತ್ತೆ," ಎಂದರು ಮಾವ, ತಲೆ ತಗ್ಗಿಸಿ.

ನಾನು ಬೇರೇನೂ ಹೇಳಬೇಕಾಗಲಿಲ್ಲ. ನನ್ನ ಗಂಡ ದಡ್ಡರಲ್ಲ. ಆ ಮಾತು ಅವರೊಳಗೆ ಇಳಿಯುವುದನ್ನು ನಾನು ನೋಡಿದೆ. ಅವರು ಪೆಟ್ಟಿಗೆಯ ಮೇಲಿನ ಸೊಟ್ಟ ಕೆಂಪಕ್ಷರಗಳನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ಗೋಡೆಗೆ ಒರಗಿ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು. ಹೊರಗಿನಿಂದ ಜೊತೆಯವರು ಕೂಗುತ್ತಿದ್ದರು.

"ಬೇರೆ ಯಾರ ಮನೆಯವರು ಹೇಳಿದ್ರೂ ನಾನು ಟೆಸ್ಟ್ ಮಾಡದೆ ವೈರು ಮುಟ್ಟಲ್ಲ," ಎಂದರು ಕೊನೆಗೆ. "ಕೆಲಸಕ್ಕೆ ಸೇರಿದ ದಿನದಿಂದ ಮುಟ್ಟಿಲ್ಲ. ಅವತ್ತು ಟೆಸ್ಟರ್ ಜೇಬಲ್ಲೇ ಇತ್ತು ಅಪ್ಪ. ನೀನು ಹೇಳಿದೆಯಲ್ಲ ಅಂತ ಹಾಗೇ ಕೈ ಹಾಕಿದೆ."

ಇಷ್ಟು ದಿನ ಅವರು ಅಪ್ಪನನ್ನು ದ್ವೇಷಿಸುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರೂ ಹಾಗೆಯೇ ತಿಳಿದಿದ್ದರೋ ಏನೋ. ಮಾವ ಮಗನ ಹತ್ತಿರ ಹೋದರು. ಆ ನೆಟ್ಟಗಾಗದ ಎರಡು ಬೆರಳನ್ನು ತಮ್ಮ ಒರಟು ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅದೇ ತಪ್ಪು ನೋಡು. ಇನ್ಮೇಲೆ ನನ್ನ ಮಾತು ನಂಬಬೇಡ. ನಾನು ಆಣೆ ಇಟ್ಟು ಹೇಳಿದ್ರೂ ನಂಬಬೇಡ."

ನನ್ನ ಗಂಡ ತಲೆಯಾಡಿಸಿದರು. ಅಮ್ಮನ ಹತ್ತಿರ ಹೋಗಿ, ನಳಿಗೆ ಸರಿಯಿದೆಯೇ ಎಂದು ನೋಡಿ, ಹೊರಗೆ ನಡೆದರು. ಜನರೇಟರನ್ನು ನಿಲ್ಲಿಸಲಿಲ್ಲ. ಕಂಬಕ್ಕೆ ಏಣಿ ಒರಗಿಸಿ ಹತ್ತತೊಡಗಿದರು. ಮಾವ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿ, ಕಚೇರಿಯ ಹುಡುಗರನ್ನು ಪಕ್ಕಕ್ಕೆ ಸರಿಸಿ, ಏಣಿಯ ಬುಡವನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ನಾನು ಗೇಟಿನ ಹತ್ತಿರ ನಿಂತಿದ್ದೆ. ಮೇಲೆ ನನ್ನ ಗಂಡ ಬೆಲ್ಟು ಬಿಗಿದುಕೊಂಡು ಜೇಬಿಗೆ ಕೈ ಹಾಕಿದರು.

"ಟೆಸ್ಟ್ ಮಾಡಿದ್ಯೇನೋ?" ಎಂದು ಮಾವ ಕೆಳಗಿನಿಂದ ಕೇಳಿದರು.

"ಮಾಡ್ದೆ ಅಪ್ಪ. ಏನೂ ಇಲ್ಲ."

"ಇನ್ನೊಂದು ಸಲ ಮಾಡು."

ನನ್ನ ಗಂಡ ಇನ್ನೊಂದು ಸಲ ಮಾಡಿದರು.